ಅಪ್ಪನ ಐದು ಜಾಡಿಗಳು

ಫಾರ್ಮಾಲಿನ್ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಮೊದಲು ನೆನಪಾಗುವುದು ನನ್ನದೇ ಕೋತಿಬುದ್ಧಿ. ಅಪ್ಪನ ಜಾಡಿಗಳಲ್ಲಿ ಶಾರ್ಕಿನ ಹೆಸರಿನ ಚೀಟಿಯನ್ನು ಪಾರಿವಾಳದ ಜಾಡಿಗೂ ಪಾರಿವಾಳದ್ದನ್ನು ಶಾರ್ಕಿನದಕ್ಕೂ ಅಂಟಿಸಿದವನು ನಾನೇ. ತೊಂಬತ್ತರ ದಶಕದ ಆ ಭಾನುವಾರಗಳಲ್ಲಿ, ಊಟಿಯ ನಮ್ಮ ಬಾಡಿಗೆ ಮನೆಯ ಮುಂಗೋಣೆಯಲ್ಲಿ, ಅಪ್ಪ ಪ್ಲಸ್ ಟೂ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದರು. ಕಪಾಟಿನ ಮೇಲೆ ಸಾಲಾಗಿ ಶಾರ್ಕ್, ಕಪ್ಪೆ, ಓತಿಕ್ಯಾತ, ಪಾರಿವಾಳ, ಮೊಲ. ಒಂದೊಂದು ಜಾಡಿಯಲ್ಲೂ, ಕೆಡದಿರಲೆಂದು ಫಾರ್ಮಾಲಿನ್‌ನಲ್ಲಿ ಮುಳುಗಿಸಿಟ್ಟ, ನೆನೆಹಾಕಿದ ಗೋಡಂಬಿಯಂಥ ಬಿಳಿಚಿದ ಮೆದುಳು. "ಮೊದಲು ಬೆನ್ನುದ್ದ ಒಂದು ನರದ ಹುರಿ, ಅಷ್ಟೇ. ಅದರ ತುದಿ ಊದಿಕೊಂಡು ಮೀನಿನ ಮೆದುಳಾಯ್ತು. ಆಮೇಲೆ ಬಂದೋರು ಯಾರೂ ಹಳೇದನ್ನ ಕೆಡವಲಿಲ್ಲ, ಅದರ ಮೇಲೇ ಕಟ್ಟಿದ್ರು," ಎಂದು ಅವರು ಗಂಟಲು ಸರಿಮಾಡಿಕೊಳ್ಳುವುದನ್ನು ನಾನು ಅಡಿಗೆಮನೆಯಲ್ಲಿ ಅಣಕಿಸಿದರೆ ಅಮ್ಮ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. "ನಿನಗೂ ಒಂದು ಜಾಡಿ ಇಟ್ಟಿದೀನಿ ಕಣೋ, ಹಾಕೋಕೆ ಒಳಗೇನೂ ಸಿಗ್ತಿಲ್ಲ," ಎಂದು ಆಚೆಯಿಂದ ಅಪ್ಪ. ಅದನ್ನೂ ಅವರ ದನಿಯಲ್ಲೇ ಹೇಳಿ ತೋರಿಸುತ್ತಿದ್ದೆ.

ಚೀಟಿ ಅದಲುಬದಲು ಮಾಡಿದ ದಿನ, ಅಪ್ಪ ಕ್ಷಣದಲ್ಲಿ ಹಿಡಿಯುತ್ತಾರೆ, ಬೈಯುತ್ತಾರೆ, ನನ್ನ ಅಣಕಕ್ಕೊಂದು ಹೊಸ ಸರಕಾಯಿತು ಎಂದುಕೊಂಡಿದ್ದೆ. ಆ ಎರಡು ಮೆದುಳುಗಳನ್ನು ನನ್ನಂಥ ದಡ್ಡನೂ ಗುರುತಿಸಬಲ್ಲ: ಶಾರ್ಕಿಗೆ ವಾಸನೆಯ ಗಡ್ಡೆಗಳು ಮುಂದಕ್ಕೆ ಚಾಚಿರುತ್ತವೆ, ಪಾರಿವಾಳಕ್ಕೆ ಹಾರಾಟದ ಹದ ಕಾಯುವ ಹಿಂಭಾಗ ಉಬ್ಬಿರುತ್ತದೆ. ಅಪ್ಪ ಶಾರ್ಕೆಂಬ ಚೀಟಿಯ ಜಾಡಿಯನ್ನು ಬೆಳಕಿಗೆ ಹಿಡಿದು, ಅದರಲ್ಲಿಲ್ಲದ ಗಡ್ಡೆಗಳನ್ನು ಗಾಜಿನ ಮೇಲೆ ಬೆರಳಿಟ್ಟು ತೋರಿಸುತ್ತ ಅರ್ಧ ಗಂಟೆ ಪಾಠ ಮಾಡಿದರು. ಗೂಡಲೂರಿನ ಹುಡುಗಿಯೊಬ್ಬಳು ಮೆಲ್ಲಗೆ, "ಸಾರ್, ಇದು ಪಾರಿವಾಳ ತಾನೇ?" ಎಂದಳು. ಅಪ್ಪ ಚೀಟಿ ನೋಡಿದರು, ಜಾಡಿ ನೋಡಿದರು. "ಇವತ್ತಿಗೆ ಸಾಕು," ಎಂದರು. ಅಡಿಗೆಮನೆಯಲ್ಲಿ ನಾನು ಅದನ್ನು ಅಣಕಿಸಲು ಬಾಯಿ ತೆರೆದವನು ಹಾಗೇ ಮುಚ್ಚಿದೆ.

ಮನೆಯೊಂದು ಹೇಗೆ ಖಾಲಿಯಾಗುತ್ತದೆಂಬುದು ನಿಮಗೂ ಗೊತ್ತಿರಬಹುದು. ಮಾರ್ಕೆಟ್ಟಿನಿಂದ ಬರುವ ದಾರಿಯನ್ನು ಅಪ್ಪ ಅದಾಗಲೇ ಎರಡು ಸಲ ಮರೆತಿದ್ದು ಅಮ್ಮನಿಗೆ ಮಾತ್ರ ಗೊತ್ತಿತ್ತಂತೆ. ಆಮೇಲಿನ ವರ್ಷಗಳಲ್ಲಿ ಅಪ್ಪನ ತಲೆಯಿಂದ ಮೊದಲು ಪಾಠದ ಮಕ್ಕಳ ಹೆಸರು ಹೋಯಿತು, ನನ್ನದು ಹೋಯಿತು, ಮಾತು ಹೋಯಿತು. ಕೊನೆಗೆ ಉಳಿದದ್ದು ನುಂಗುವುದು, ಬೆಚ್ಚುವುದು, ಉಸಿರಾಡುವುದು; ಮೀನಿಗೂ ಇರುವಷ್ಟು. ಮೇಲೆ ಕಟ್ಟಿದ್ದೆಲ್ಲ ಕುಸಿದು, ಹಳೆಯದೊಂದೇ ನಿಂತಿತ್ತು.

ಆದರೆ ಆ ಪಾಠ ನಡೆದ ವಾರ ಇನ್ನೂ ಎಲ್ಲ ಇತ್ತು. ಮಕ್ಕಳಿಗೆ ಬರಬೇಡಿ ಎಂದು ಹೇಳಿ, ಅಪ್ಪ ಜಾಡಿಗಳನ್ನು ಕಾಲೇಜಿಗೆ ಕೊಡಲೆಂದು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ನಾನು ಅಳುತ್ತ ಹೋಗಿ ಒಪ್ಪಿಕೊಂಡೆ: "ಚೀಟಿ ಬದಲಾಯಿಸಿದ್ದು ನಾನಪ್ಪ. ನಿಮ್ಮ ತಪ್ಪಲ್ಲ. ಪಾಠ ನಿಲ್ಲಿಸಬೇಡಿ." ಅವರು ದಾರ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಚೀಟಿ ಬದಲಾಯಿಸಿದ್ದು ನೀನು, ಸರಿ. ಅರ್ಧ ಗಂಟೆ ಜಾಡಿಯೊಳಗೇ ನೋಡ್ತಾ ನಿಂತಿದ್ದೋನು ಯಾರೋ?"