ಇದ್ದತ್ತಿನೊಳಗೆ ಆದ ಮದುವೆ

ದಮನ್‌ಹೂರಿನ ರೈಲು ಹಳಿಯ ಪಕ್ಕದ ಬೀದಿಯಲ್ಲಿ ಇನ್‌ಶಿರಾಹ್ ಎಂದರೆ ಎಲ್ಲರಿಗೂ ಗೊತ್ತು. ಗಂಡ ಶಹಾತ ರೈಲ್ವೆ ಗೇಟು ಕಾಯುತ್ತಿದ್ದ. ಅವನ ನಾಲಿಗೆಗೆ ಉಪ್ಪು ಸರಿಯಾಗಬೇಕು, ಅವಳ ಕಿವಿಗೆ ಅವನ ಹೆಜ್ಜೆ ಸಪ್ಪಳ ಕೇಳಬೇಕು. ಬದುಕು ಅಷ್ಟೇ ಇತ್ತು. ಅವನು ತೀರಿಹೋದ. ಅವಳು ಕಪ್ಪು ತೊಟ್ಟು ಇದ್ದತ್ತಿಗೆ ಕೂತಳು. ಅದು ಮುಗಿಯುವವರೆಗೆ ವಿಧವೆ ಹೊಸಿಲು ದಾಟುವಂತಿಲ್ಲ, ಮರುಮದುವೆಯಂತೂ ಆಗುವಂತೇ ಇಲ್ಲ.

ಪಿಂಚಣಿ ಹೆಂಡತಿಯ ಹೆಸರಿಗೆ ಆಗಬೇಕಿತ್ತು. ಗಂಡನಿಂದ ತಲಾಖ್ ಆಗಿ ತವರಿಗೆ ಬಂದಿದ್ದ ಮಗಳು ನವಾಲ್‌ಗೂ ಅದರಲ್ಲಿ ಒಂದು ಪಾಲಿತ್ತು.

"ನೀನ್ಯಾಕಮ್ಮ ಕಚೇರಿ ಸುತ್ತಬೇಕು? ಈಗೆಲ್ಲ ಮೊಬೈಲಲ್ಲೇ ಆಗುತ್ತೆ. ನಿನ್ನ ಹೆಸರಲ್ಲಿ ಖಾತೆ ತೆರೀತೀನಿ. ನಿನ್ನ ಫೋನಿಗೆ ನಂಬರ್ ಬರುತ್ತೆ, ಓದಿ ಹೇಳು ಸಾಕು," ಎಂದಳು ನವಾಲ್.

ಇನ್‌ಶಿರಾಹ್‌ಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮುಲುಖಿಯಾ ಸೊಪ್ಪು ಬಿಡಿಸುತ್ತಾ ಅಡುಗೆಮನೆಯಿಂದಲೇ ಕೂಗಿ ಹೇಳಿದಳು. ಖಾತೆಯಾಯಿತು. ಅವಳ ಪಾಲು ಬರತೊಡಗಿತು. ಸ್ವಲ್ಪ ದಿನದ ಮೇಲೆ ಮತ್ತೆ ನಂಬರ್ ಬಂತು, ಮತ್ತೆ ಹೇಳಿದಳು. ಇದನ್ನು ಯಾರಿಗೂ ಹೇಳಬೇಡಿ ಎಂದು ಅದರ ಕೆಳಗೇ ಬರೆದಿತ್ತು. ಓದಲು ಬಂದಿದ್ದರೂ ಹೇಳುತ್ತಿದ್ದಳೇನೋ. ಹೆತ್ತ ಮಗಳು ಯಾರೋ ಆಗುತ್ತಾಳೆಯೇ?

ಇದ್ದತ್ತು ಮುಗಿಯಿತು. ಮೊದಲು ಶಹಾತನ ಗೋರಿಗೆ ಹೋದಳು. ಅಲ್ಲಿಂದ ಅಂಚೆ ಕಚೇರಿಗೆ, ಪಿಂಚಣಿಗೆ. ಕಿಟಕಿಯ ಹಿಂದಿನವನು ಅವಳ ಕಾರ್ಡು ಹಾಕಿ ನೋಡಿ ನಕ್ಕ.

"ಮಬ್ರೂಕ್ ಹಾಜ್ಜಾ, ಶುಭಾಶಯ. ಶರಬತ್ತೆಲ್ಲಿ?"

"ಯಾವ ಶರಬತ್ತಪ್ಪ?"

"ಮದುವೇದು. ಮರುಮದುವೆ ಆಯ್ತು ಅಂತ ಹೋದ ತಿಂಗಳು ನಿಮ್ಮ ಖಾತೆಯಿಂದಲೇ ಬಂದಿದೆ. ಇನ್ನು ಹಳೇ ಯಜಮಾನರ ಪಿಂಚಣಿ ನಿಮಗಿಲ್ಲ. ನಿಮ್ಮ ಪಾಲೂ ಮಗಳಿಗೇ ಹೋಗಿದೆ."

"ನಾನು ಇದ್ದತ್ತಲ್ಲಿ ಕೂತಿದ್ದೆ. ಇದ್ದತ್ತಲ್ಲಿ ಯಾವ ಶೇಖ್ ನಿಕಾಹ್ ಓದ್ತಾನೆ?"

"ಕಂಪ್ಯೂಟರಿಗೆ ಇದ್ದತ್ತು ಗೊತ್ತಿಲ್ಲ ಹಾಜ್ಜಾ."

ಸಾಲಿನಲ್ಲಿದ್ದ ಹೆಂಗಸೊಬ್ಬಳು ಮೂಗಿನ ಮೇಲೆ ಬೆರಳಿಟ್ಟಳು. "ಗೋರಿ ಮಣ್ಣು ಆರೋಕ್ಮುಂಚೇನೇ ಗೋರಂಟಿ ಹಚ್ಕೊಂಡ್ಯಾ, ನವಾಲ್ ತಾಯಿ?"

ಇನ್‌ಶಿರಾಹ್ ಕೆಳಗೆ ನೋಡಿದಳು. ಗೋರಿಯ ಮಣ್ಣು ಅವಳ ಕಪ್ಪು ಬಟ್ಟೆಯ ಅಂಚಿನಲ್ಲಿ ಇನ್ನೂ ಅಂಟಿಕೊಂಡಿತ್ತು.

ಮನೆಯಲ್ಲಿ ನವಾಲ್ ಚಹಾ ಕುಡಿಯುತ್ತಿದ್ದಳು.

"ಗಂಡು ಯಾರೇ?" ಎಂದಳು ತಾಯಿ.

"ಯಾವ ಗಂಡು?"

"ನನಗೆ ಕಟ್ಟಿದ್ದೀಯಲ್ಲ, ಅವನು. ಮುಖನಾದ್ರೂ ತೋರಿಸು."

ನವಾಲ್ ಲೋಟ ಕೆಳಗಿಟ್ಟಳು. "ಊರಿಗೆ ಯಾರು ಹೇಳೋಕೆ ಹೋದ್ರು? ಮೊಬೈಲಲ್ಲಿ ಒಂದು ಗುಂಡಿ ಒತ್ತಿದ್ದು, ಅಷ್ಟೇ. ನಿನಗೇನಮ್ಮ ಖರ್ಚು? ನಾನು ಎರಡು ರೊಟ್ಟಿ ಹಾಕಲ್ವಾ?"

"ಕೇಳಿದ್ರೆ ದುಡ್ಡೆಲ್ಲ ಕೊಡ್ತಿದ್ದೆ. ನಿಮ್ಮಪ್ಪನ ಹೆಂಡ್ತಿ ಅನ್ನೋದನ್ನ ಯಾಕೆ ಕಿತ್ಕೊಂಡೆ?"

ನವಾಲ್ ಫೋನ್ ನೋಡುತ್ತಾ ಕೂತಳು.

ಬೆಳಗ್ಗೆ ಇನ್‌ಶಿರಾಹ್ ಪಿಂಚಣಿ ಕಚೇರಿಗೆ ಹೋದಳು. ಅಲ್ಲಿನವನು ಒಳ್ಳೆಯವನು, ಕುರ್ಚಿ ಕೊಟ್ಟ. "ಈ ಮದುವೆ ದಾಖಲೆ ತೆಗೀಬೇಕಾದ್ರೆ ಹಾಕಿದ್ದು ಯಾರು ಅಂತ ಹೇಳಬೇಕು. ನಂಬರ್ ಬಂದಿರೋದು ನಿಮ್ಮ ಫೋನಿಗೆ. ಹೇಳದಿದ್ರೆ ನೀವೇ ಹಾಕಿದ ಹಾಗೆ. ಹೇಳಿದ್ರೆ ಅವರ ಮೇಲೆ ಕೇಸಾಗುತ್ತೆ, ನೋಡಿ."

ಬಾಯಿ ಮುಚ್ಚಿದರೆ ಮಗಳು ಉಳಿಯುತ್ತಾಳೆ. ತಾನು ಮಾತ್ರ ಸಾಯುವವರೆಗೂ, ಇಲ್ಲದ ಗಂಡಸೊಬ್ಬನ ಹೆಂಡತಿಯಾಗಿರಬೇಕು.

"ಬರ್ಕೊಳ್ಳಪ್ಪ. ನವಾಲ್. ಶಹಾತನ ಮಗಳು."

ಅವನು ಪೆನ್ನು ನಿಲ್ಲಿಸಿದ. "ಅಂದ್ರೆ ನಿಮ್ಮ ಮಗಳಾ?"

ಇನ್‌ಶಿರಾಹ್ ಹೆಬ್ಬೆಟ್ಟು ಮುಂದೆ ಚಾಚಿದಳು.

"ನಾನು ಶಹಾತನ ಹೆಂಡ್ತಿ. ಮೊದಲು ಅದನ್ನ ಬರಿ."