ಬಿಸಿ ತಿಳಿಯದ ಕೈ

ಗ್ಯಾರೇಜಿನ ಅಣ್ಣನ ಅಂಗೈ ಗೆರೆಗಳಲ್ಲಿ ಎಂಜಿನ್ ಎಣ್ಣೆಯ ಕಪ್ಪು ಹಚ್ಚೆಯಂತೆ ಕೂತಿತ್ತು. ಯಾವ ಸೋಪಿಗೂ ಅದು ಹೋಗುತ್ತಿರಲಿಲ್ಲ. ಹೋಟೆಲಿನಲ್ಲಿ ಇಡ್ಲಿಯನ್ನೂ ಅವರು ಚಮಚದಲ್ಲೇ ತಿನ್ನುತ್ತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ ನಮಗೆ ಉಳಿದದ್ದು ಒಂದು ಹಳೆಯ ಪೆಟ್ರೋಲ್ ವ್ಯಾನ್. ಅದರಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದೆ. ಒಂದು ಶನಿವಾರ ಪುತ್ತಿಗೆಯ ಏರಿನಲ್ಲಿ ವ್ಯಾನ್ ನಡುಗತೊಡಗಿತು, ಸುಟ್ಟ ಎಣ್ಣೆಯ ವಾಸನೆ ಬಂತು. ಮಕ್ಕಳನ್ನು ಮನೆಗೆ ಮುಟ್ಟಿಸಿ ನೇರ ಗ್ಯಾರೇಜಿಗೆ ಹೋದೆ.

ಅಣ್ಣ ಪ್ಲಗ್ಗಿನ ವಯರ್ ಎಳೆದರು. ಅದರ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಪ್ಲಗ್ ಕೂರುವ ಗುಂಡಿಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಆಮೇಲೆ ಪ್ಲಗ್ ಬಿಚ್ಚಿದರು.

"ಮೊದಲು ಒರೆಸುದು ಅಕ್ಕ. ಇಲ್ಲದಿದ್ರೆ ಎಣ್ಣೆ ಎಲ್ಲ ಒಳಗೆ ಬೀಳ್ತದೆ. ನೋಡಿ, ಪ್ಲಗ್ಗಿನ ಕೆಳಗಿನ ತುದಿ ಒಣಗಿಯೇ ಉಂಟು. ಎಂಜಿನ್ ಹೋಗ್ಲಿಲ್ಲ, ಮೇಲಿನ ಕವರಿನ ರಬ್ಬರ್ ಪ್ಯಾಕಿಂಗ್ ಹೋದದ್ದು."

ಹೊರಗೆ ಎಲ್ಲಿ ಸೋರುತ್ತದೆಂದು ತಿಳಿಯಲು ಎಲ್ಲವನ್ನೂ ಒರೆಸಿ, ಪ್ಲಗ್ ಕೂರಿಸಿ, ನನ್ನಿಂದ ಎಂಜಿನ್ ಚಾಲೂ ಮಾಡಿಸಿ ಬಗ್ಗಿದರು. ಸ್ವಲ್ಪ ಹೊತ್ತಿನಲ್ಲಿ ಹೊಗೆ ಎದ್ದಿತು.

"ಅಣ್ಣ, ಹೊಗೆ!"

"ಎಣ್ಣೆ ಸೈಲೆನ್ಸರ್ ಪೈಪಿಗೆ ಬೀಳ್ತಾ ಉಂಟು, ಅದೇ."

ಎಣ್ಣೆಯಲ್ಲ. ಅವರ ಎಡಗೈ ಸುಡುವ ಪೈಪಿನ ಮೇಲಿತ್ತು. ನಾನು ಇಳಿದು ಬಂದು ಕೈ ಎಳೆದಾಗ ಚರ್ಮ ಅಲ್ಲೇ ಉಳಿಯಿತು. ಅವರು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು.

"ಶುಗರ್ ಅಕ್ಕ. ಕೈಗೆ ಎಂತದೂ ಗೊತ್ತಾಗುದಿಲ್ಲ. ಮನೆಯಲ್ಲಿ ಹೇಳ್ಲಿಲ್ಲ."

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಹೋಗಿ ನೋಡಿದರೆ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಗ್ಯಾರೇಜಿನಲ್ಲಿ ಕೂತಿದ್ದರು.

"ಸೋಮವಾರ ಮಕ್ಕಳು ಕಾಯ್ತಾರಲ್ಲ. ನಾನು ಹೇಳ್ತೇನೆ, ನೀವು ಮಾಡಿ."

ಕವರ್ ಬಿಚ್ಚಿ, ಗಟ್ಟಿಯಾಗಿ ಹೋಗಿದ್ದ ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದೆ. ಹೊಸ ಪ್ಯಾಕಿಂಗ್, ಪ್ಲಗ್ ಗುಂಡಿಗಳ ಹೊಸ ಸೀಲು ಕೂರಿಸಿದೆ. ಕವರ್ ಮುಚ್ಚಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿದೆ. "ಜೋರು ಬೇಡ ಮಾರಾಯ್ರೆ," ಎಂದು ಅವರು ನಕ್ಕರು. ಅವರ ನಗುವನ್ನು ನಾನು ಕಂಡದ್ದು ಅದೇ ಕೊನೆ.

ಗಾಯ ಮಾಗಲಿಲ್ಲ. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಮುಂಗೈಯನ್ನೇ. ಗ್ಯಾರೇಜು ಮುಚ್ಚಿತು. ನಂಜು ಮೈಗೇರಿ, ಮಳೆಗಾಲ ಮುಗಿಯುವ ಮೊದಲೇ ಅಣ್ಣ ಹೋದರು.

ವ್ಯಾನ್ ಇವತ್ತಿಗೂ ಓಡುತ್ತಿದೆ. ನನ್ನ ಮನೆಯ ಒಲೆ ಉರಿಯುವುದು ಅದರಿಂದಲೇ. ಮಂಗಲ್ಪಾಡಿಯ ರಸ್ತೆಯಲ್ಲಿ ಆ ವ್ಯಾನ್ ಕಂಡರೆ ಅಣ್ಣನ ಹೆಂಡತಿ ಮುಖ ತಿರುಗಿಸಿ ನಿಲ್ಲುತ್ತಾರೆ. ಅವರನ್ನು ಕರೆದು ಮಾತಾಡಿಸುವ ಧೈರ್ಯ ನನಗಿನ್ನೂ ಬಂದಿಲ್ಲ.