ಬರಿಗೈಲಿ ಮುಟ್ಟಬಾರದ ವೀಣೆ

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಆದರೂ ಆ ಶುಕ್ರವಾರ ಬೆಳಿಗ್ಗೆ ನಮ್ಮ ಕಾರ್ಯದರ್ಶಿಗಳ ಮೇಲೆ ರೇಗಿದ ಹಾಗೆ ಮತ್ತೆ ಯಾರ ಮೇಲೂ ರೇಗಿಲ್ಲ.

ಎಂಬತ್ತರ ದಶಕದ ಶುರುವಿನ ಮಾತು. ಜಯನಗರದ ಸಂಗೀತ ಸಭೆಯೊಂದರ ಮಹಡಿಯಲ್ಲಿ ಹಳೆಯ ವಾದ್ಯಗಳ ಪುಟ್ಟ ಸಂಗ್ರಹಾಲಯವಿತ್ತು. ಅದನ್ನು ನೋಡಿಕೊಳ್ಳುವುದು ನನ್ನ ಮೊದಲ ಕೆಲಸ. ವೀಣೆ, ಮೃದಂಗ, ನಾಗಸ್ವರ ಎಲ್ಲವೂ ಸುತ್ತಮುತ್ತಲ ಮನೆಯವರು ಕೊಟ್ಟದ್ದು. ಸರ್ಕಾರದ ಮಾನ್ಯತೆ ಸಿಕ್ಕರೆ ಮಹಡಿ ನಿಮಗೆ, ಇಲ್ಲದಿದ್ದರೆ ವಾದ್ಯಗಳನ್ನು ಕೊಟ್ಟವರಿಗೇ ವಾಪಸ್ ಮಾಡಿ ಅಂತ ಸಭೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಉಳಿದವರು ಹೇಗೋ ಇಟ್ಟುಕೊಳ್ಳುತ್ತಿದ್ದರು. ವೀಣೆ ಕೊಟ್ಟಿದ್ದ ಒಬ್ಬ ಅಜ್ಜಿಗೆ ಮಾತ್ರ ಜಾಗವಿರಲಿಲ್ಲ. ಅಜ್ಜಿ ನನಗೆ ಸಂಬಂಧಿಯೇನಲ್ಲ, ಪಕ್ಕದ ಸಿದ್ದಾಪುರದಲ್ಲಿ ಮಗಳ ಜೊತೆ ಒಂದೇ ಕೋಣೆಯ ಮನೆಯಲ್ಲಿದ್ದವರು. ಅಲ್ಲಿ ಗೋಡೆಯೆಲ್ಲ ತೇವ. ಅವರ ತಾಯಿಯ ವೀಣೆ ಆ ತೇವಕ್ಕೆ, ನಾದ ಹುಟ್ಟುವ ಕೊಡದ ಹತ್ತಿರ ಬಿರುಕು ಬಿಟ್ಟ ಮೇಲೆ ನಮಗೆ ತಂದುಕೊಟ್ಟಿದ್ದರು. ಕೊಡುವಾಗ ಒಂದೇ ಕರಾರು, ಪ್ರತಿ ಶುಕ್ರವಾರ ಬಂದು ಸ್ವಲ್ಪ ಹೊತ್ತು ನುಡಿಸುತ್ತೇನೆ ಅಂತ. ಹಾಗೇ ಬರುತ್ತಿದ್ದರು. ನುಡಿಸಿಯಾದ ಮೇಲೆ ಸೆರಗಿನ ಗಂಟಿನಿಂದ ಕೋಡುಬಳೆ ತೆಗೆದು "ತಿನ್ನೇ, ಸಣಕಲಿ" ಅನ್ನುತ್ತಿದ್ದರು. ತಾಯಿಯಿಲ್ಲದೆ ಬೆಳೆದು, ಹಾಸ್ಟೆಲಿನ ನೀರು ಸಾರು ಉಣ್ಣುತ್ತಿದ್ದ ನನಗೆ ಶುಕ್ರವಾರವೇ ಹಬ್ಬ.

ಮಾನ್ಯತೆಯ ನಿಯಮಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಎಣ್ಣೆ, ಅರಿಶಿನ, ಕುಂಕುಮ, ಹೂವು ಯಾವುದೂ ವಾದ್ಯಕ್ಕೆ ಸೋಕಬಾರದು. ಸರ್ಕಾರದವರು ತಪಾಸಣೆಗೆ ಬರಬೇಕಿದ್ದ ಆ ಶುಕ್ರವಾರ ಬಂದು ನೋಡುತ್ತೇನೆ, ಗೇಟಿನಲ್ಲಿ ಬೂದುಗುಂಬಳ ಒಡೆದು ಬಿದ್ದಿದೆ! ಮೇಲೆ ಓಡಿದರೆ ಕರ್ಪೂರದ ವಾಸನೆ. ನಿವೃತ್ತ ಹೆಡ್‌ಮಾಸ್ಟರಾದ ನಮ್ಮ ಕಾರ್ಯದರ್ಶಿಗಳು ಆಯುಧಪೂಜೆಯ ಹಾಗೆ ಪ್ರತಿಯೊಂದು ವಾದ್ಯಕ್ಕೂ ಅರಿಶಿನ ಕುಂಕುಮ ಇಟ್ಟು, ಚೆಂಡುಹೂ ಮುಡಿಸಿ, ಕೈಮುಗಿದುಕೊಂಡು ನಿಂತಿದ್ದರು.

"ಏನ್ ಸಾರ್ ಇದು? ಕುಂಕುಮ ಇಡಬಾರ್ದು ಅಂತ ನಿನ್ನೆ ತಾನೇ ಓದಿ ಹೇಳಿದ್ನಲ್ಲ!"

"ಇಂಥಾ ದಿನ ಪೂಜೆ ಇಲ್ದೆ ಹೇಗಮ್ಮಾ? ಸುಸೂತ್ರವಾಗಿ ಆಗ್ಲಿ ಅಂತ ಮಾಡ್ದೆ."

"ಆಯ್ತು ಬಿಡಿ, ಎಲ್ಲಾರ್ಗೂ ಮಂಗಳಾರತಿ ಆಯ್ತು!"

ಅಷ್ಟರಲ್ಲಿ ಅಜ್ಜಿಯೂ ಬಂದರು. ನಾನು ಒದ್ದೆ ಬಟ್ಟೆ ಹಿಡಿದು ಉಜ್ಜಲು ಹೋಗುತ್ತಿದ್ದಂತೆ ಬಾಗಿಲಿನಿಂದ "ನೀರು ಸೋಕಿಸ್ಬೇಡಿ!" ಅಂತ ಗದರುವ ದನಿ. ತಪಾಸಣೆಯ ಅಧಿಕಾರಿ. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಅವರು ನೆಲದ ಮೇಲೆ ಕೂತು, ಚೀಲದಿಂದ ಮೆತ್ತನೆಯ ಬ್ರಷ್ ತೆಗೆದು, ಒಣಗಿದ ಕುಂಕುಮವನ್ನು ಹೇಗೆ ಉದುರಿಸಬೇಕು ಅಂತ ನನಗೆ ತೋರಿಸಿಕೊಟ್ಟರು. ಆಮೇಲೆ ಕಾರ್ಯದರ್ಶಿಗಳಿಗೆ, "ಪೂಜೆ ಬೇಡ ಅನ್ನಲ್ಲ ಸಾರ್. ಕಪಾಟಿನ ಹೊರಗೆ ಒಂದು ಮಣೆ ಇಟ್ಟು ಅದಕ್ಕೆ ಮಾಡಿ" ಅಂದರು.

ನೆಮ್ಮದಿಯ ಉಸಿರು ಬಿಟ್ಟೆವು. ಆದರೆ ಅವರ ಕಣ್ಣು ಅಜ್ಜಿಯ ವೀಣೆಯ ಮೇಲೆ ನಿಂತಿತು.

"ಇದನ್ನ ಯಾರು ನುಡಿಸ್ತಾರೆ?"

ಕಾರ್ಯದರ್ಶಿಗಳು ಸೂರು ನೋಡಿದರು. "ನಾನು," ಅಂದರು ಅಜ್ಜಿ.

"ಬಿರುಕು ನೋಡಿ ಅಮ್ಮ. ತಂತಿ ಬಿಗಿ ಮಾಡಿದಾಗೆಲ್ಲ ದೊಡ್ಡದಾಗ್ತಿದೆ. ಸಡಿಲ ಮಾಡಿ ಒಳಗಿಡ್ಬೇಕು. ಇನ್ಮೇಲೆ ಯಾರೂ ನುಡಿಸೋ ಹಾಗಿಲ್ಲ, ನೀವೂ. ಇದಕ್ಕೆ ಒಪ್ಪಿದ್ರೆ ಮಾನ್ಯತೆಗೆ ಬರೀತೀನಿ."

ನನಗೆ ಮೈಯೆಲ್ಲ ಉರಿಯಿತು. "ಅವ್ರ ತಾಯಿ ವೀಣೆ ಸಾರ್ ಅದು! ಅವರ್ನೇ ಮುಟ್ಬೇಡಿ ಅನ್ನೋಕೆ..."

"ಸುಮ್ನಿರೇ," ಅಂದರು ಅಜ್ಜಿ. "ನಮ್ಮನೇಗೆ ಬಂದ್ರೆ ಇದು ಸತ್ತೇ ಹೋಗತ್ತೆ. ಇಲ್ಲಿ ಇರ್ಲಿ. ನುಡಿಸಲ್ಲ ಸಾರ್, ಬರ್ಕೊಳ್ಳಿ."

ಅಂದು ಒಂದು ಸ್ವರವನ್ನೂ ನುಡಿಸಲಿಲ್ಲ. ತಾವೇ ಕೂತು ಒಂದೊಂದೇ ಬಿರಡೆ ತಿರುಗಿಸಿ ತಂತಿಗಳನ್ನು ಸಡಿಲ ಮಾಡಿದರು. ಅಧಿಕಾರಿ ನೋಡುತ್ತಲೇ ಇದ್ದರು. ಹೊರಡುವಾಗ ತಮ್ಮ ಚೀಲದಿಂದ ಒಂದು ಜೊತೆ ಬಿಳಿ ಹತ್ತಿಯ ಗ್ಲೌಸ್ ತೆಗೆದು ಅಜ್ಜಿಗೆ ಕೊಟ್ಟು, "ಬರಿಗೈ ಬೆವರು ಇದಕ್ಕೆ ಆಗಲ್ಲ. ಮುಟ್ಬೇಕು ಅನ್ಸಿದಾಗ ಇದು ಹಾಕ್ಕೊಳ್ಳಿ" ಅಂದರು. ಕಟುಕ ಅಂತ ಬೈದುಕೊಂಡಿದ್ದವಳು ನಾನು. ಇವತ್ತಿಗೂ ಅವರನ್ನು ನೆನೆದರೆ ಕೈ ತಾನಾಗಿ ಮುಗಿಯುತ್ತದೆ.

ಮಾನ್ಯತೆ ಬಂತು. ಮಹಡಿ ಉಳಿಯಿತು, ವಾದ್ಯಗಳು ಉಳಿದವು, ನನ್ನ ಅನ್ನವೂ ಉಳಿಯಿತು. ಅದೆಲ್ಲ ಅಜ್ಜಿಯ ಋಣ, ತೀರಿಸುವಂಥದ್ದಲ್ಲ.

ಮುಂದಿನ ಶುಕ್ರವಾರ ಅಜ್ಜಿ ಬಂದರು. ಕಪಾಟು ತೆಗೆದೆ. ಗಾಜಿನ ಬಳೆಗಳ ಕೆಳಗೆ ಬಿಳಿ ಗ್ಲೌಸ್ ಹಾಕಿಕೊಂಡು, "ಸರ್ಕಸ್ಸಿನವಳ ಥರ ಆದ್ನಲ್ಲೇ!" ಅಂತ ನಕ್ಕರು. ಸಡಿಲವಾದ ತಂತಿಗಳ ಮೇಲೆ ನಿಧಾನವಾಗಿ ಕೈಯಾಡಿಸಿದರು.

"ಬೆರಳಿಗೆ ಏನೂ ಗೊತ್ತಾಗಲ್ಲ ಕಣೇ."

ನಾನು ಬೀಗ ಹುಡುಕುವ ನೆಪದಲ್ಲಿ ಮುಖ ತಿರುಗಿಸಿ ಅತ್ತುಬಿಟ್ಟೆ. ಅವರಿಗೆ ತಿಳಿಯದಿರುತ್ತದೆಯೇ? ಗ್ಲೌಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, ತಂತಿಯಿಂದ ಜಡ್ಡುಗಟ್ಟಿದ ಬರಿ ಬೆರಳುಗಳಿಂದ ನನ್ನ ಕೆನ್ನೆ ಒರೆಸಿದರು.

"ನಿನ್ನ ಮುಟ್ಟೋಕೆ ಯಾವ ಸರ್ಕಾರದ್ದೂ ಅಡ್ಡಿಯಿಲ್ವಲ್ಲೇ, ಸಣಕಲಿ?"